ವಿಲಾಗೆ ಕೊಟ್ಟ ಪಾದ

ವೆಲೆಬಿಟ್ ಬೆಟ್ಟದ ಮೇಲಿನ ಆ ಕುರಿಗಾಹಿಗಳ ಹಟ್ಟಿಯಲ್ಲಿ ಸೂಲಗಿತ್ತಿ ಮಾಂಡೆಯಷ್ಟು ಹಾಡು ಬಲ್ಲವರು ಇನ್ನೊಬ್ಬರಿರಲಿಲ್ಲ. ಜಾದರ್ ಪಟ್ಟಣದ ಜೆರ್ಕೊ ಮೇಷ್ಟ್ರು ಹಳೇ ಹಾಡು ಹುಡುಕಿಕೊಂಡು ಬಂದಾಗ ಊರವರು ಅವರನ್ನು ನೇರ ಅವಳ ಒಲೆಯ ಮುಂದೆ ತಂದು ಕೂರಿಸಿದರು. ಮಾಂಡೆ ಬೆಟ್ಟದ ಯಕ್ಷಿ ವಿಲಾಳ ಹಾಡು ಹೇಳಿದಳು. ಹೊಲದ ಬದುವಿನಲ್ಲಿ ಮಲಗಿಸಿದ್ದ ಕೂಸಿಗೆ ಮಟಮಟ ಮಧ್ಯಾಹ್ನ ಬೆಟ್ಟದ ವಿಲಾ ಬಂದು ಮೊಲೆಯೂಡಿದಳಂತೆ. ಆ ಕೂಸು ಬೆಳೆದು ಊರು ಕಾಯುವ ಗಂಡಾಳಾಯಿತಂತೆ. ವಿಲಾಳ ಕೂದಲು ನೆಲ ಮುಟ್ಟುವಷ್ಟು ಉದ್ದ, ಮೈ ಹಾಲಿನ ಬಿಳುಪು, ಕಾಲು ಮಾತ್ರ ಮೇಕೆಯ ಗೊರಸು. ಕಂಡವರು ಕಂಡೆ ಅನ್ನಬಾರದು, ನಗಲೂಬಾರದು.

ಮರುವರ್ಷ ಬೇಸಿಗೆಯಲ್ಲಿ ಮೇಷ್ಟ್ರು ಅಚ್ಚಾದ ಪುಸ್ತಕ ಹಿಡಿದು ಮತ್ತೆ ಬಂದರು. ಹೆಂಗಸರೆಲ್ಲ ಒರತೆಯ ಹತ್ತಿರ ಉಣ್ಣೆ ತೊಳೆಯುತ್ತಿದ್ದರು. ಬಂಡೆಯ ಮೇಲೆ ಕೂತು ಮೇಷ್ಟ್ರು ತಮ್ಮ ಪದ್ಯ ಓದಿದರು. ತನ್ನ ಹಾಡು ಹೀಗೆ ಮಡಿಯುಟ್ಟು ಬಂದದ್ದು ಕೇಳಿ ಮಾಂಡೆಗೆ ಹಿಗ್ಗೋ ಹಿಗ್ಗು. ಆದರೆ ವಿಲಾಳ ಹಿಮದಂಥ ಪಾದದ ಸಾಲು ಬಂದಾಗ ಅವಳು ಉಣ್ಣೆ ಹಿಂಡುವುದನ್ನು ನಿಲ್ಲಿಸಿದಳು. ಗಾಳಿ ನಿಂತಿತ್ತು. ಕುರಿಗಳ ಕೊರಳಗಂಟೆಯೂ ಕೇಳಿಸುತ್ತಿರಲಿಲ್ಲ.

ಸಾಲಿನ ಕೊನೆಯಲ್ಲಿ ಕೂತಿದ್ದ ಹೆಂಗಸೊಬ್ಬಳು ತಲೆಯೆತ್ತಿದಳು. ಮೇಲಿನ ಹಟ್ಟಿಯ ಯಾರದೋ ಸೊಸೆಯಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು.

"ಅಣ್ಣಾ, ಆ ಕಾಲಿನ ಸಾಲು ಇನ್ನೊಂದ್ಸಲ ಓದು."

ಮೇಷ್ಟ್ರು ಓದಿದರು.

"ಹಾಡಲ್ಲಿ ಹಂಗಿಲ್ವಲ್ಲ."

"ಇಲ್ಲ ತಂಗಿ," ಎಂದು ಮೇಷ್ಟ್ರು ನಕ್ಕರು. "ಗೊರಸು ಅಂದ್ರೆ ಪಟ್ಟಣದೋರು ಮೂಗು ಮುರೀತಾರೆ. ಅದಕ್ಕೆ ನಾನೇ ಅವಳಿಗೆ ಚೆಂದದ ಪಾದ ಕೊಟ್ಟೆ."

"ಕೊಟ್ಟೆಯಾ?"

"ಕೊಟ್ಟೆ."

ಅವಳ ಲಂಗದ ಅಂಚು ತುಸು ಸರಿದಿತ್ತು. ಒದ್ದೆ ಬಂಡೆಯ ಮೇಲೆ ಸೀಳುಗೊರಸಿನ ಗುರುತನ್ನು ಮಾಂಡೆ ಕಂಡಳು. ಮೇಷ್ಟ್ರ ಬಾಯಿ ಮುಚ್ಚಿಸಬೇಕೆಂದರೆ ಹೊತ್ತು ಮೀರಿತ್ತು.

"ಕೊಟ್ಮೇಲೆ ಮುಗೀತು. ಹಿಂದಕ್ಕೆ ಕೇಳ್ಬೇಡ ಅಣ್ಣಾ," ಎಂದಳು ಆಕೆ, ಅಕ್ಕರೆಯಿಂದಲೇ.

ಅಷ್ಟರಲ್ಲಿ ಮಂಜು ಇಳಿಯಿತು. ಅದು ಸರಿದಾಗ ಅವಳಿರಲಿಲ್ಲ. ಹೆಂಗಸರು ಉಣ್ಣೆಯ ಬುಟ್ಟಿ ಹೊತ್ತು ಹೊರಟರು. ಮೇಷ್ಟ್ರಿಗೆ ಮಾತ್ರ ಏಳಲಾಗಲಿಲ್ಲ. ಬೂಟು ಬಿಚ್ಚಿ ನೋಡಿದರೆ ಪಾದಗಳೇನೋ ಇದ್ದವು, ಅಮೃತಶಿಲೆಯ ಹಾಗೆ ಬೆಳ್ಳಗೆ, ತಣ್ಣಗೆ. ಸೂಜಿ ಚುಚ್ಚಿದರೂ ರಕ್ತ ಬರಲಿಲ್ಲ.

ಹಾಡು ಹೊರಗೆ ಬಿಟ್ಟವಳು ತಾನು ಎಂಬ ಕೊರಗು ಮಾಂಡೆಗೆ. ಮಾರನೇ ದಿನ ಹಾಲು, ಜೇನು ತೆಗೆದುಕೊಂಡು ಬೆಟ್ಟದ ಗವಿಯ ಬಾಯಿಗೆ ಹೋದಳು. ಕಣ್ಣು ಮುಚ್ಚಿ, ಗೊರಸನ್ನು ಬಿಡದೆ ಇಡೀ ಹಾಡು ಹೇಳಿದಳು. ಮುಗಿದ ಮೇಲೆ ಒಳಗಿನಿಂದ ಸದ್ದು ಬಂತು. ಗೊರಸಿನ ಟಕಟಕವಲ್ಲ. ಈಗಷ್ಟೇ ನಡೆಯಲು ಕಲಿತ ಮಗು ಕಲ್ಲಿನ ಮೇಲೆ ಬರಿಗಾಲಲ್ಲಿ ತಪ್ಪು ಹೆಜ್ಜೆ ಇಟ್ಟಂತೆ ತಪ್ ತಪ್ ಸದ್ದು. ಜೊತೆಗೆ ಹೆಣ್ಣಿನ ನಗು. ತುಂಬ ಖುಷಿಯ ನಗು. ಆ ಖುಷಿ ಕೇಳಿಯೇ ಇದು ಹಿಂದಕ್ಕೆ ಬರುವ ಮಾತಲ್ಲವೆಂದು ಮಾಂಡೆಗೆ ತಿಳಿಯಿತು. ಹಾಲಿನ ಪಾತ್ರೆ ಅಲ್ಲೇ ಬಿಟ್ಟು ಓಡಿಬಂದಳು.

ಮುಂದಿನ ಅಚ್ಚಿನಲ್ಲಿ ಗೊರಸು ಸೇರಿಸಿ ಎಂದು ಮೇಷ್ಟ್ರು ಪಟ್ಟಣಕ್ಕೆ ಹೇಳಿಕಳಿಸಿದರು. ಬಿಳಿ ಪಾದದ ಪದ್ಯವೇ ಹುಡುಗಿಯರ ಬಾಯಲ್ಲಿ ಕುಣಿಯುತ್ತಿದೆ, ಯಾಕೆ ಕೆಡಿಸುವುದು ಎಂದು ಅಲ್ಲಿಂದ ಉತ್ತರ ಬಂತು. ಹೇಸರಗತ್ತೆಯ ಮೇಲೆ ಕೂರಿಸಿ ಕೆಳಗಿಳಿಸುತ್ತೇವೆ ಎಂದರೂ ಮೇಷ್ಟ್ರು ಒಪ್ಪಲಿಲ್ಲ. ಮಾಂಡೆಯ ಮನೆಯಲ್ಲೇ ಉಳಿದರು. ಹಟ್ಟಿಯ ಮಕ್ಕಳಿಗೆ ಅಕ್ಷರ ಕಲಿಸಿದರು. ಗೊರಸಿನ ಹಾಡನ್ನೇ ಹೇಳಿಕೊಟ್ಟರು.

ಮೊದಲ ಹಿಮ ಬಿದ್ದ ಬೆಳಿಗ್ಗೆ ಮಾಂಡೆ ಬಾಗಿಲು ತೆಗೆದಳು. ಮನೆಯ ಸುತ್ತ ಬರಿಗಾಲಿನ ಹೆಜ್ಜೆ. ಗಂಡಸಿನ ದೊಡ್ಡ ಪಾದ, ಆದರೆ ಕುಣಿಯುತ್ತ ನಡೆದ ಹಗುರ ನಡೆ. ಮೇಷ್ಟ್ರ ಕಿಟಕಿಯ ಕೆಳಗೆ ಬಹಳ ಹೊತ್ತು ನಿಂತ ಗುರುತೂ ಇತ್ತು. ಮಾಂಡೆ ಪೊರಕೆ ತಂದು ಗುಡಿಸತೊಡಗಿದಳು.

"ಯಾರು ಬಂದಿದ್ರು ಅಕ್ಕಾ?" ಎಂದು ಒಳಗಿನಿಂದ ಮೇಷ್ಟ್ರು ಕೇಳಿದರು.

"ಯಾರಿಲ್ಲ ಮೇಷ್ಟ್ರೇ, ನರಿ."

ಮಾಂಡೆ ಕಿಟಕಿಯ ಕೆಳಗಿನ ಗುರುತನ್ನೂ ಗುಡಿಸಿದಳು.

"ಕಾಲು ಕೊರೀತಿದೆ ಅಕ್ಕಾ," ಎಂದರು ಆಮೇಲೆ. "ಹಿಮದಲ್ಲಿ ನಿಂತಂಗೆ."

ಮಾಂಡೆ ಪೊರಕೆ ಬಿಟ್ಟು ಒಳಗೆ ಬಂದಳು. ಒಲೆಗೆ ಇನ್ನೆರಡು ಕೊರಡು ತುರುಕಿ, ಆ ತಣ್ಣನೆ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಣ್ಣೆ ಸುತ್ತುತ್ತ ಕೂತಳು.