ತಂಗಿಯ ಹುಂಜ

ಬಸುರಿಯರಿಗೆ ಸರ್ಕಾರ ಪುಕ್ಕಟೆ ಕೊಡುವ ಕಬ್ಬಿಣದಂಶದ ಮಾತ್ರೆಗಳನ್ನು ಅವರು ನಿಜಕ್ಕೂ ನುಂಗುತ್ತಾರೋ ಇಲ್ಲವೋ ಎಂದು ಕಣ್ಣಿಡಲು ನಮ್ಮ ಆಸ್ಪತ್ರೆಯಲ್ಲಿ ಒಂದು ಉಪಾಯವಿತ್ತು. ಖಾಲಿ ಸ್ಟ್ರಿಪ್ ತಂದುಕೊಟ್ಟರಷ್ಟೇ ಹೊಸ ಸ್ಟ್ರಿಪ್. ಉಪಾಯ ನನ್ನದೇ. ನಾನು ಅಲ್ಲಿ ಔಷಧಿ ಕೋಣೆಯ ಗುಮಾಸ್ತ. ಖಾಲಿ ಸ್ಟ್ರಿಪ್‌ಗಳು ಮೂಟೆಗಟ್ಟಲೆ ಬಂದವು. ನೂರಕ್ಕೆ ನೂರು ಎಂದು ವರದಿ ಹೋಯಿತು, ಶೀಲ್ಡು ಬಂತು. ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಅದನ್ನು ಅಡ್ಡ ಇಟ್ಟೆವು.

ನನ್ನ ತಂಗಿಗೂ ಆಗ ಎಂಟು ತಿಂಗಳು. ಅವಳ ಖಾಲಿ ಸ್ಟ್ರಿಪ್ ಎಲ್ಲರಿಗಿಂತ ಮೊದಲು ಬರುತ್ತಿತ್ತು. ಅದೇ ಹೊತ್ತಿಗೆ ಅವಳ ಮನೆಯ ಹುಂಜದ ಜುಟ್ಟು ಎಷ್ಟು ಕೆಂಪಾಯಿತೆಂದರೆ, ಅದು ರಸ್ತೆಗಿಳಿದರೆ ಸಿಗ್ನಲ್ ಬಿತ್ತೆಂದು ಸೈಕಲ್‌ಗಳು ನಿಲ್ಲುತ್ತಿದ್ದವು. ವೆಲ್ಡಿಂಗ್ ಅಂಗಡಿಯ ಆಯಸ್ಕಾಂತಕ್ಕೆ ಎರಡು ಸಲ ಅಂಟಿಕೊಂಡಿತು. ಕಿತ್ತು ತಂದವನು ನಾನೇ. ಆದರೂ ಅನುಮಾನ ಬರಲಿಲ್ಲ.

ಒಂದು ಬುಧವಾರ ತಂಗಿ ಆಸ್ಪತ್ರೆಯ ಮೂರನೇ ಮೆಟ್ಟಿಲಲ್ಲೇ ಕುಸಿದು ಕೂತಳು. ನರ್ಸಮ್ಮ ಬೆರಳಿಗೆ ಚುಚ್ಚಿ ರಕ್ತ ನೋಡಿದರು. ಹಿಮೋಗ್ಲೋಬಿನ್ ಹನ್ನೊಂದು ಇರಬೇಕಾದ ಕಡೆ ಆರು.

“ಮಾತ್ರೆ ತಗೊಂಡಿಲ್ವೇನೇ?” ಎಂದೆ.

“ಎರಡು ದಿನ ತಗೊಂಡೆ. ಹೊಟ್ಟೆ ತೊಳಸೋಕೆ ಶುರುವಾಯ್ತು. ಆಮೇಲೆ ಹುಂಜಕ್ಕೆ ಹಾಕ್ದೆ.”

“ನಂಗೆ ಹೇಳೋದಲ್ವಾ?”

“ನೀನು ಕೇಳಿದ್ದು ಖಾಲಿ ಸ್ಟ್ರಿಪ್ಪು ಅಣ್ಣ. ಹೊಟ್ಟೆ ಹೇಗಿದೆ ಅಂತ ಯಾವತ್ತು ಕೇಳ್ದೆ? ನಮ್ಮ ಬೀದೀಲಿ ಎಲ್ರೂ ಹಿಂಗೇ. ಪಕ್ಕದ ಮನೆ ಅಕ್ಕ ಗುಲಾಬಿ ಬುಡಕ್ಕೆ ಹಾಕ್ತಾರೆ.”

ನರ್ಸಮ್ಮ ಪೆನ್ನು ಹಿಡಿದು ನನ್ನ ಮುಖ ನೋಡಿದರು.

“ಆರು ಅಂತ ಬರೀಲಾ? ಬರೆದ್ರೆ ಎಲ್ರಿಗೂ ಚುಚ್ಚಿ ನೋಡ್ಬೇಕಾಗುತ್ತೆ, ನಿಮ್ಮ ನೂರಕ್ಕೆ ನೂರು ಗೋತಾ ಹೊಡಿಯುತ್ತೆ. ಬರೀದಿದ್ರೆ ದೊಡ್ಡಾಸ್ಪತ್ರೇಲಿ ಹೆರಿಗೆಗೆ ಅಂತ ಇವಳಿಗೆ ರಕ್ತ ತೆಗೆದಿಡಲ್ಲ.”

ಶೀಲ್ಡಿನ ಕಡೆ ಒಮ್ಮೆ ನೋಡಿದೆ. ಸುಳ್ಳೇಕೆ ಹೇಳಲಿ, ಎರಡು ಸಲ ನೋಡಿದೆ.

“ಬರೀರಿ.”

ಬಸುರಿಯರಿಗೆಲ್ಲ ಚುಚ್ಚಿದೆವು. ನೂರರಲ್ಲಿ ಮೂವತ್ತೆಂಟು ಜನಕ್ಕಷ್ಟೇ ರಕ್ತ ಸರಿಯಿತ್ತು. ಮೇಲಿನಿಂದ ನೋಟಿಸ್ ಬಂತು: ನಿಮ್ಮಲ್ಲಿ ಒಂದೇ ವಾರದಲ್ಲಿ ಇಷ್ಟೊಂದು ರಕ್ತ ಕಡಿಮೆಯಾದದ್ದು ಹೇಗೆ, ವಿವರಿಸಿ, ಶೀಲ್ಡು ಹಿಂತಿರುಗಿಸಿ. ಹಿಂತಿರುಗಿಸಿದೆ. ಬಾಗಿಲು ಈಗ ದಿನವಿಡೀ ಬಡಿದುಕೊಳ್ಳುತ್ತದೆ.

ದಿನಾ ಮಧ್ಯಾಹ್ನ ಊಟವಾದ ಮೇಲೆ ತಂಗಿಯ ಎದುರು ಕೂರುತ್ತೇನೆ. ಹೊಟ್ಟೆ ಹೇಗಿದೆ ಎಂದು ಕೇಳಿ, ಮಾತ್ರೆ ಗಂಟಲಿಳಿಯುವವರೆಗೆ ನೋಡುತ್ತೇನೆ. ಹುಂಜ ಹೊಸ್ತಿಲಲ್ಲಿ ನಿಂತು ನನ್ನನ್ನು ದುರುಗುಟ್ಟಿ ನೋಡುತ್ತದೆ. ನಿನ್ನೆ ಮತ್ತೆ ಚುಚ್ಚಿ ನೋಡಿದರು. ಏಳು. ಹೆರಿಗೆಗೆ ಇನ್ನು ಹದಿನೇಳು ದಿನ. ದೊಡ್ಡಾಸ್ಪತ್ರೆಯಲ್ಲಿ ಅವಳಿಗೆಂದು ಎರಡು ಚೀಲ ರಕ್ತ ಬೇಕಂತೆ. ಒಂದು ನಾನು ಕೊಟ್ಟಿದ್ದೇನೆ. ಇನ್ನೊಂದಕ್ಕೆ ಹುಂಜದ್ದು ಆಗುತ್ತದೆಯೇ ಎಂದು ಕೇಳಿದೆ, ಆಗುವುದಿಲ್ಲವಂತೆ.