ಕೊಲೆಯಿಲ್ಲದ ಪುಸ್ತಕ

"ಸ್ವಲ್ಪ ಎಡಕ್ಕೆ ವಾಲಿಸಿ, ಗೋಡೆಗೆ ತಾಗುತ್ತೆ" ಎಂದರು, ಶವಪೆಟ್ಟಿಗೆಗೆ ಮುಂದಿನಿಂದ ಹೆಗಲು ಕೊಟ್ಟಿದ್ದ ಮುದ್ರಣಾಲಯದ ಯಜಮಾನರು. ಎರಡನೇ ಮಹಡಿಯಿಂದ ಇಳಿಯುವ ಮೆಟ್ಟಿಲು ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದು. ತಿರುವಿನಲ್ಲಿ ಉಸಿರಾಡಲು ನಿಂತಾಗ ಅವರೇ ಮೆಲ್ಲಗೆ ಹೇಳಿದರು: "ಇದೇ ಮೆಟ್ಟಿಲ ಮೇಲೆ ಪತ್ತೇದಾರಮ್ಮ ನಾಲ್ಕು ಜನರನ್ನ ಉರುಳಿಸಿ ಸಾಯಿಸಿದಾರೆ. ನಾನೇ ಅಚ್ಚು ಹಾಕಿದ್ದು."

ಅಮ್ಮನ ಪೆಟ್ಟಿಗೆಯ ಹಿಂದೆ ಇಳಿಯುತ್ತಿದ್ದ ಮಗಳಿಗೆ ಅಳುವಿನ ನಡುವೆಯೂ ನಗು ಬಂತು. ಅಪ್ಪ ನಗಲಿಲ್ಲ. ದರ್ಜಿ ಕೆಲಸದಲ್ಲಿ ಬೆನ್ನು ಬಾಗಿದ್ದ ಅವರು ಒಂದೊಂದೇ ಮೆಟ್ಟಿಲನ್ನು ನೋಡಿಕೊಂಡು ಇಳಿಯುತ್ತಿದ್ದರು.

ಬೀದಿ ಬಾಗಿಲಲ್ಲಿ ಅಪರಿಚಿತ ಹೆಂಗಸೊಬ್ಬಳು ಚೀಲವನ್ನು ಎದೆಗವಚಿಕೊಂಡು ಗೋಡೆಗೊತ್ತಿ ನಿಂತಿದ್ದಳು. ಪೆಟ್ಟಿಗೆ ದಾಟಿ ಹೋದ ಮೇಲೆ ಮಗಳನ್ನು ಕೇಳಿದಳು: "ಎರಡನೇ ಮಹಡೀಲಿ ಲೇಖಕಿ ಒಬ್ಬರಿದಾರಲ್ಲ, ಹನ್ನೊಂದು ಗಂಟೆಗೆ ಬರೋಕೆ ಹೇಳಿದ್ರು."

"ನೀವು ಯಾರು?"

"ಅವರ ಏಜೆಂಟ್. ಅಂದ್ರೆ, ಇವತ್ತು ಆಗಬೇಕಿತ್ತು."

ಮಗಳು ಬೀದಿಗಿಳಿದ ಪೆಟ್ಟಿಗೆಯ ಕಡೆ ನೋಡಿದಳು. ಆ ಹೆಂಗಸಿನ ಮುಖದ ಬಣ್ಣ ಇಳಿಯಿತು.

"ಬನ್ನಿ" ಎಂದಳು ಮಗಳು. "ನಮ್ಮ ಜೊತೇಲೇ ಬನ್ನಿ."

*

ಅಮ್ಮ ಇಪ್ಪತ್ತೊಂಬತ್ತು ಪತ್ತೇದಾರಿ ಕಾದಂಬರಿಗಳನ್ನು ಬರೆದಿದ್ದರು. ಗಂಡ ಅಂಗಡಿಗೆ, ಮಗಳು ಶಾಲೆಗೆ ಹೋದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಒಂದು ಹೆಣ ಬೀಳುತ್ತಿತ್ತು. ಅವರು ಮರಳುವಷ್ಟರಲ್ಲಿ ಇನ್ಸ್‌ಪೆಕ್ಟರ್ ಬಂದು ಮುಟ್ಟಿರುತ್ತಿದ್ದ. ಮೂವತ್ತನೆಯದನ್ನು ಓದಿದ ಹಳೆಯ ಏಜೆಂಟ್ ಕನ್ನಡಕ ತೆಗೆದಿಟ್ಟ. ಅಮ್ಮನ ಹಸ್ತಪ್ರತಿಗಳನ್ನೆಲ್ಲ ಪ್ರಕಾಶಕರಿಗೆ ಒಪ್ಪಿಸುತ್ತ ತಲೆ ನರೆತವನು ಅವನು.

"ಅಕ್ಕ, ಹೆಣ ಇದೆ, ಸರಿ. ಕೊಂದಿದ್ದು ಯಾರು?"

"ಜ್ವರ."

"ಜ್ವರಾನ ಯಾವ ಇನ್ಸ್‌ಪೆಕ್ಟರ್ ಹಿಡೀತಾನೆ?"

"ಯಾರೂ ಹಿಡಿಯಲ್ಲ. ಅದಕ್ಕೇ ಬರೆದೆ."

ಅವನು ಹಾಳೆಗಳ ಅಂಚು ಸರಿಮಾಡಿದ. "ನಾನು ಕೊಲೆ ಮಾರೋನು. ಇದನ್ನ ಹಿಡ್ಕೊಂಡು ಯಾರ ಬಾಗಿಲಿಗೆ ಹೋಗಲಿ? ಬೇರೆ ಯಾರನ್ನಾದ್ರೂ ನೋಡಿ."

ಅರವತ್ತಾರನೇ ವಯಸ್ಸಿನಲ್ಲಿ ಅಮ್ಮ ಹೊಸಬರಂತೆ ಏಜೆಂಟರಿಗೆ ಪತ್ರ ಬರೆಯತೊಡಗಿದರು. ಮೊದಲ ಪತ್ರಗಳ ತುಂಬ ಹಳೆಯ ಪುಸ್ತಕಗಳ ಪಟ್ಟಿಯಿತ್ತು. ಇನ್ನೊಂದು ಪತ್ತೇದಾರಿ ಇದ್ದರೆ ಕಳಿಸಿ ಎಂಬ ಉತ್ತರ ಬಂತು. ಪಟ್ಟಿಯನ್ನು ತೆಗೆದುಹಾಕಿದರು. ಆಗ ಉತ್ತರವೇ ಬರಲಿಲ್ಲ. ಹದಿನೈದನೆಯ ಪತ್ರದಲ್ಲಿ ಬರೆದರು: 'ನನಗೊಬ್ಬ ಮಗನಿದ್ದ. ನಾಲ್ಕು ವರ್ಷ ಇದ್ದ. ಅವನ ಬಗ್ಗೆ ಬರೆಯಲು ಕೈ ಏಳದೆ, ಇಷ್ಟು ವರ್ಷ ಬೇರೆಯವರನ್ನು ಕೊಲ್ಲುತ್ತ ಕೂತೆ.'

ಅದಕ್ಕೆ ಉತ್ತರ ಬಂತು.

ಮನೆಯಲ್ಲಿ ಮಾತ್ರ ಹೇಳಲಿಲ್ಲ. ಮಗಳು ಹುಟ್ಟಿದ್ದು ಅವನು ಹೋದ ಮೇಲೆ. ಒಬ್ಬ ಅಣ್ಣನಿದ್ದ ಎಂಬುದಷ್ಟೇ ಅವಳಿಗೆ ಗೊತ್ತು. ಅಪ್ಪ ಅವನ ಹೆಸರೆತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಊಟಕ್ಕೆ ಕೂತಾಗ "ಈ ಸಲ ಯಾರು ಸತ್ತರು?" ಎಂದು ಎಂದಿನಂತೆ ಅವರು ಕೇಳಿದರೆ, "ಮುಗೀಲಿ, ಹೇಳ್ತೀನಿ" ಎನ್ನುತ್ತಿದ್ದರು ಅಮ್ಮ.

*

ಸ್ಮಶಾನದಿಂದ ಮರಳಿ, ಬಂದವರೆಲ್ಲ ಹೊರಟ ಮೇಲೆ ಏಜೆಂಟ್ ಚೀಲದಿಂದ ಹಾಳೆಗಳ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. "ಪ್ರಕಾಶಕರಿಗೆ ತೋರಿಸೋದು ಅಂತ ಮಾತಾಗಿತ್ತು. ಒಂದು ಅಧ್ಯಾಯ ಬಾಕಿ ಇತ್ತು. ಈಗ ನೀವು ಹೇಳಿದ ಹಾಗೆ."

"ಯಾವ ಕೊಲೆ ಇದು?" ಎಂದರು ಅಪ್ಪ.

"ಕೊಲೆ ಇಲ್ಲ. ನಿಮ್ಮ ಮಗನ ಕತೆ."

ಅಪ್ಪ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಕೆಳಗೆ ಯಾರೋ ಅಂಗಡಿಯ ಬಾಗಿಲು ಎಳೆಯುವ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅವರು ಬಂದು ಕೂತರು.

"ಬಾಕಿ ಇರೋದು ಎಲ್ಲಿ?"

ಏಜೆಂಟ್ ಬರಹ ನಿಂತುಹೋದ ಕೊನೆಯ ಹಾಳೆಯನ್ನು ತೆಗೆದು ಮುಂದೆ ಸರಿಸಿದಳು. ಅಂಚಿನಲ್ಲಿ ಅವಳದೇ ಕೆಂಪು ಅಕ್ಷರ: 'ಹುಡುಗ ಕಣ್ಣಿಗೆ ಕಟ್ಟುತ್ತಿಲ್ಲ. ಏನು ಹಾಕಿಕೊಂಡಿದ್ದ?'

"ಫೋನಲ್ಲಿ ಕೇಳಿದ್ದೆ" ಎಂದಳು. "ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ ಅಂದ್ರು. ಮನೇಲಿ ಒಬ್ಬರಿಗೆ ನೆನಪಿರುತ್ತೆ, ಕೇಳೋಕೆ ಧೈರ್ಯ ಸಾಲ್ತಿಲ್ಲ ಅಂದ್ರು."

ಅಪ್ಪ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಓದಿ ಮುಗಿಸಿ ಕೈ ಚಾಚಿದರು. ಮಗಳು ಪೆನ್ಸಿಲ್ ಕೊಟ್ಟಳು.

'ಹಳದಿ ಕೋಟು' ಎಂದು ಕೆಂಪು ಅಕ್ಷರದ ಕೆಳಗೆ ಬರೆದರು. 'ನಾನೇ ಹೊಲಿದದ್ದು. ಮೂರು ಗುಂಡಿ.' ಪೆನ್ಸಿಲ್ ಮುಂದಿನ ಸಾಲಿಗೆ ಇಳಿಯಿತು. 'ಮೇಲಿನ ಗುಂಡಿಯನ್ನು ಯಾವಾಗಲೂ ಎರಡನೇ ಕಾಜಾಕ್ಕೆ ಹಾಕಿಕೊಳ್ಳುತ್ತಿದ್ದ. ಸರಿಮಾಡಲು ಹೋದರೆ ಓಡುತ್ತಿದ್ದ.'

ಅಂಚು ಅಲ್ಲಿಗೆ ತುಂಬಿತು. ಅವರು ಹಾಳೆಯನ್ನು ಮಗುಚಿ, ಬೆನ್ನನ್ನು ಇನ್ನಷ್ಟು ಬಾಗಿಸಿ, ಖಾಲಿಯಿದ್ದ ಹಿಂಬದಿಯಲ್ಲಿ ಮೇಲಿನಿಂದ ಬರೆಯತೊಡಗಿದರು.