ಬಿಳಿ ನಾಲಿಗೆ

ನಾನು ಒಂದು ಬಳಪ. ಈಗ ಅರ್ಧ ಬಳಪ.

ಉಗುರಿನಿಂದ ಗೀಚಿದರೂ ಪುಡಿ ಉದುರುವ ಮೆತ್ತನೆಯ ಕಲ್ಲಿನಲ್ಲಿ ಹುಟ್ಟಿದೆ. ಗರಗಸ ನಮ್ಮನ್ನು ಬೆರಳುದ್ದಕ್ಕೆ ಕೊಯ್ದಾಗ ಉದುರಿದ ಪುಡಿ ಬೇರೆ ಚೀಲ ಸೇರಿತು. ಅದು ಜನರ ಮುಖಕ್ಕೆ, ಕೇರಂ ಬೋರ್ಡಿಗೆ, ಸೈಕಲ್ ಟ್ಯೂಬಿಗೆ ಹೋಯಿತು. ನಾನು ಹೋಗುವುದು ಅಕ್ಷರಕ್ಕೆ ಎಂದು ಜಂಬಪಟ್ಟಿದ್ದೆ.

ಬಂದದ್ದು ತುಂಗಭದ್ರಾ ಕಾಲುವೆ ಕಡೆಯ ಒಂದು ಊರಿನ ಶಾಲೆಗೆ. ಒಂದನೇ ತರಗತಿಗೆ ಸರಳಾ ಟೀಚರ್. ಮಕ್ಕಳ ಬಾಯಲ್ಲಿ ಅಕ್ಕೋರು. ಅವರು ಆರು ತಿಂಗಳ ಬಸುರಿ. ನರ್ಸ್ ಕೊಟ್ಟ ರಕ್ತದ ಮಾತ್ರೆ ನುಂಗಿದರೆ ವಾಂತಿ ಬರುತ್ತಿತ್ತು, ಮೇಜಿನ ಖಾನೆಗೆ ಎಸೆದಿದ್ದರು. ಅವರ ನಾಲಿಗೆ ಕೇಳುತ್ತಿದ್ದುದು ನಮ್ಮನ್ನು. ಮಕ್ಕಳು ಊಟಕ್ಕೆ ಹೋದಾಗ ಬಾಗಿಲ ಮೇಲೆ ಕಣ್ಣಿಟ್ಟು ನನ್ನ ಒಡಹುಟ್ಟಿದವರನ್ನು ಕುರುಕುರು ಕಡಿಯುತ್ತಿದ್ದರು. ಒಂದು ದಿನ ನನ್ನ ಸರದಿ ಬಂತು. ಅರ್ಧ ಮುಗಿದಿದ್ದೆ, ಹೆಡ್‌ಮಾಸ್ತರರ ಚಪ್ಪಲಿ ಸಪ್ಪಳ ಕೇಳಿ ನನ್ನನ್ನು ಖಾನೆಗೆ ತುರುಕಿ ಬಾಯಿ ಒರೆಸಿಕೊಂಡರು.

“ಬಳಪದ ಡಬ್ಬಿ ಯಾಕ ಖಾಲಿ ಆಗೇತ್ರಿ ಟೀಚರ್?”

“ಹುಡುಗ್ರು ತಿಂತಾವ್ರಿ ಸರ್.”

ಆ ಮಾತಿನಲ್ಲಿ ನನ್ನ ಪುಡಿಯೂ ಇತ್ತು.

ಹೆಡ್‌ಮಾಸ್ತರರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. “ಎಲ್ಲಾರೂ ನಾಲಿಗಿ ತಗೀರಿ!”

ಬಿಳಿಯಾಗಿದ್ದುದು ಹುಲಿಗೆವ್ವಳ ನಾಲಿಗೆ ಒಂದೇ. ಉಳಿದವರ ಹತ್ತಿರ ಪಾಟಿ ಒರೆಸಲು ಒದ್ದೆ ಬಟ್ಟೆ ಇತ್ತು. ಅವಳು ಬೆರಳು ನೆಕ್ಕಿ ಒರೆಸುವವಳು.

“ಬಳಪದ ಹುಳಾ! ಬಳಪದ ಹುಳಾ!” ಎಂದು ತರಗತಿ ಕುಣಿಯಿತು.

“ನಾ ತಿಂದಿಲ್ರೀ ಅಕ್ಕೋರ.” ಮುಂದಿನ ಎರಡು ಹಲ್ಲು ಬಿದ್ದ ಬಾಯಿಂದ ಮಾತು ಸೋರಿತು. ಅಕ್ಕೋರು ಕಿಟಕಿ ನೋಡಿದರು. ಅವಳ ನಾಲಿಗೆ ಬಿಳಿ ಮಾಡಿದ್ದು ನಾವೇ, ಅಕ್ಕೋರ ಹೊಟ್ಟೆಯಲ್ಲಿದ್ದುದೂ ನಾವೇ. ನಾನೂ ಆ ಚೀಲದ ಪುಡಿಯ ಜೊತೆ ಹೋಗಬಾರದಿತ್ತೇ ಅನ್ನಿಸಿತು.

ಹೆಡ್‌ಮಾಸ್ತರರು ಹುಲಿಗೆವ್ವಳ ತಾಯಿ ದುರುಗವ್ವಳನ್ನು ಕರೆಸಿ, “ಮನ್ಯಾಗ ಉಣ್ಣಾಕ ಹಾಕಂಗಿಲ್ಲೇನವಾ?” ಎಂದರು. ಆಕೆ ಮಗಳ ರಟ್ಟೆ ಹಿಡಿದು, “ನಡಿ, ನಾಳಿಂದ ನನ್ ಜೋಡಿ ಕಳೆ ತಗ್ಯಾಕ ಬಾ,” ಎಂದಳು.

ಐದನೆಯ ದಿನ ಅಕ್ಕೋರು ನನ್ನನ್ನು ಚೀಲದಲ್ಲಿಟ್ಟುಕೊಂಡು ಹುಲಿಗೆವ್ವಳ ಮನೆಗೆ ಹೋದರು. ಬಾಗಿಲಲ್ಲೇ ನಿಂತು ನನ್ನನ್ನು ತೋರಿಸಿ, “ತಿಂದಾಕಿ ನಾನು,” ಎಂದರು.

ದುರುಗವ್ವ ಅವರ ಹೊಟ್ಟೆ ನೋಡಿದಳು. “ಬಸರಾಗ ನಾನೂ ಗ್ವಾಡಿ ಮಣ್ಣು ತಿಂದೀನ್ರಿ. ಅದಕ್ಕ್ಯಾಕ ನಾಚಿಕಿ? ಆದ್ರ ಈ ಮಾತು ಇಲ್ಲಿ ಬ್ಯಾಡ್ರಿ. ಸಾಲ್ಯಾಗ ಹೇಳ್ರಿ, ಮಗಳನ್ನ ಕಳಸ್ತೀನಿ.”

ಸೋಮವಾರ ಅಕ್ಕೋರು ಮಕ್ಕಳ ಮುಂದೆ ನಿಂತರು. ನಾನು ಅವರ ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾದೆ. ಬಾಗಿಲಲ್ಲಿ ಹೆಡ್‌ಮಾಸ್ತರರಿದ್ದರು. ಅಕ್ಕೋರು ಬಾಯಿ ತೆರೆದರು.

“ಮಗ್ಗಿ ಹೇಳ್ರಿ,” ಎಂದರು.

ಆಮೇಲೆ ಅವರು ಹೆರಿಗೆ ರಜೆ ಹಾಕಿ ಹೋದರು. ಹುಲಿಗೆವ್ವ ಬರಲಿಲ್ಲ. ನಾನು ಖಾನೆಯಲ್ಲಿ ಮಾತ್ರೆಗಳ ಪಕ್ಕ ಬಿದ್ದಿದ್ದೇನೆ. ಬರೆಯಲು ಹುಟ್ಟಿದವರು ಒಂದು ಅಕ್ಷರವನ್ನೂ ಬರೆಯದೆ ಮುದಿಯಾಗುವುದು ನಾಚಿಕೆಯ ಬಾಳು.

ನನ್ನ ತುದಿಯಲ್ಲಿ ಮುಂದಿನ ಎರಡು ಹಲ್ಲುಗಳ ಗುರುತು ಇನ್ನೂ ಇದೆ. ಹುಲಿಗೆವ್ವಳ ಬಾಯಲ್ಲಿ ಆ ಹಲ್ಲುಗಳೇ ಇರಲಿಲ್ಲ.